ಮಾಲೂರಿನಲ್ಲಿ ನಾನು ಕೊಂಡ ಎತ್ತುಗಳು

ನನ್ನ ಹೆಸರಿನಲ್ಲಿ ಒಂದು ಜೊತೆ ಎತ್ತುಗಳಿವೆ. ಅವು ಈಗ ಎಲ್ಲಿವೆ, ಬದುಕಿವೆಯೋ ಇಲ್ಲವೋ, ಎಷ್ಟು ಬೆಲೆಗೆ ಕೊಂಡೆ, ಯಾವುದೂ ನನಗೆ ಗೊತ್ತಿಲ್ಲ. ಕೊಂಡದ್ದು ಮಾತ್ರ ನಿಜ. ವ್ಯಾಪಾರಕ್ಕೆ ಸಾಕ್ಷಿಯಾಗಿ ಹೈದರಾಬಾದಿನಿಂದ ಒಬ್ಬ ಮನಸ್ಸಿನ ಸಲಹೆಗಾರರು ವಿಡಿಯೋ ಕಾಲಿನಲ್ಲಿದ್ದರು.

ಅದಕ್ಕೂ ಮೊದಲು ನಾನು ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ಹೊಡೆಯುತ್ತಿದ್ದೆ. ಮಾವು ಮುಗಿದ ದಿನ ಕೆಲಸವೂ ಮುಗಿಯುತ್ತಿತ್ತು. ಉಳಿದ ತಿಂಗಳುಗಳಲ್ಲಿ ಮುಳಬಾಗಿಲಿನ ಮನೆಯಲ್ಲಿ ಕೂತು ಎಲ್ಲರ ಮೇಲೂ ರೇಗುತ್ತಿದ್ದೆ. ನನ್ನ ಕಾಟ ತಾಳಲಾರದೆ ಗಂಡನೇ ಕೋಲಾರದ ಒಂದು ಸಂಸ್ಥೆಯ ಜಾಹೀರಾತು ತಂದು ಮುಂದಿಟ್ಟ. ಸಂದರ್ಶನದಲ್ಲಿ ಕೇಳಿದ್ದು ಎರಡೇ ಪ್ರಶ್ನೆ: ಟ್ಯಾಬ್ಲೆಟ್ ಬಳಸಲು ಬರುತ್ತದೆಯೇ, ಉರ್ದು ಬರುತ್ತದೆಯೇ. ಎರಡೂ ಬರುತ್ತವೆ ಎಂದೆ. ನನ್ನ ಉರ್ದು ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯದು. ಅದರಲ್ಲಿ ಅರ್ಧ ತೆಲುಗು, ಉಳಿದರ್ಧ ಜಗಳ. ಅವರಿಗೆ ಅಷ್ಟು ಸಾಕಾಗಿತ್ತು.

ಕೆಲಸ ಇದ್ದದ್ದು ಮಾಲೂರಿನ ಹೊರಗೆ. ಅಲ್ಲಿ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರ ಹಿಂದೆ ತಗಡಿನ ಶೆಡ್ಡುಗಳಿವೆ. ಬರ್ಮಾ ಕಡೆಯಿಂದ ಮನೆಮಠ ಸುಟ್ಟುಹೋಗಿ ಓಡಿಬಂದ ಕೆಲವು ಕುಟುಂಬಗಳು ಅವುಗಳಲ್ಲಿ ಇದ್ದವು. ಊರಿನ ಕಸದಿಂದ ಪ್ಲಾಸ್ಟಿಕ್ಕು, ರಟ್ಟು, ಬಾಟಲಿ ಬೇರ್ಪಡಿಸಿ ಗುಜರಿಗೆ ಹಾಕುವುದು ಅವರ ಕಸುಬು. ಇವರ ಮನಸ್ಸು ಹೇಗಿದೆ ಎಂದು ನೋಡಿಕೊಳ್ಳಲು ದೂರದಲ್ಲಿ ಯಾರೋ ಪುಣ್ಯಾತ್ಮರು ಒಂದು ಆ್ಯಪ್ ಮಾಡಿಸಿದ್ದರು. ವಾರಕ್ಕೊಮ್ಮೆ, ಶನಿವಾರ, ಆ ಆ್ಯಪ್ ಇರುವ ಟ್ಯಾಬ್ಲೆಟ್ ಹಿಡಿದು ಶೆಡ್ಡಿಂದ ಶೆಡ್ಡಿಗೆ ಹೋಗುವವಳು ನಾನು. ಸಂಸ್ಥೆ ಕೊಟ್ಟ ಚೀಲ ಮೊದಲ ತಿಂಗಳೇ ಹರಿದದ್ದರಿಂದ ಟ್ಯಾಬ್ಲೆಟ್ಟನ್ನು ನಮ್ಮಪ್ಪನ ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಬೆಳಿಗ್ಗೆ ಆ ಹೊತ್ತಿಗೆ ಹೆದ್ದಾರಿ ತುಂಬ ನರಸಾಪುರದ ಕಂಪನಿ ಬಸ್ಸುಗಳು. ಅವುಗಳಲ್ಲಿ ಎಲ್ಲರಿಗೂ ಸೀಟು ಇರುತ್ತಿತ್ತು, ನಮ್ಮ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಹೀಗಾಗಿ ಮಾಲೂರು ತಲುಪುವಷ್ಟರಲ್ಲಿ ನನ್ನ ಮನಸ್ಸೇ ಅಷ್ಟಕ್ಕಷ್ಟೆ ಆಗಿರುತ್ತಿತ್ತು.

ಆ್ಯಪ್ ಅವರದೇ ಭಾಷೆಯಲ್ಲಿ, ಒಬ್ಬ ಹೆಂಗಸಿನ ದನಿಯಲ್ಲಿ ಪ್ರಶ್ನೆ ಕೇಳುತ್ತಿತ್ತು. ಈ ವಾರ ನಿದ್ದೆ ಬಂತೆ, ಹಸಿವಾಯಿತೆ, ಎದೆ ಭಾರವಾಗಿತ್ತೆ. ಪ್ರತಿ ಪ್ರಶ್ನೆಗೂ ಪರದೆಯ ಮೇಲೆ ಐದು ಮುಖಗಳು. ಎಡಗಡೆಯ ತುದಿಯದು ಅಳುತ್ತಿರುತ್ತದೆ, ಬಲಗಡೆಯ ತುದಿಯದು ಹಲ್ಲು ಕಿರಿಯುತ್ತಿರುತ್ತದೆ. ಅಳುವ ಮುಖ ಒತ್ತಿದರೆ ಹೈದರಾಬಾದಿನಲ್ಲಿರುವ ಸಲಹೆಗಾರರು ವಿಡಿಯೋದಲ್ಲಿ ಬಂದು ಅವರದೇ ಭಾಷೆಯಲ್ಲಿ ಮಾತಾಡುತ್ತಾರೆ. ಅವರೂ ಚಿಕ್ಕಂದಿನಲ್ಲಿ ಅದೇ ಗಡಿ ದಾಟಿ ಬಂದವರು. ನಗುವ ಮುಖ ಒತ್ತಿದರೆ ಪರದೆಯ ಮೇಲೆ ಒಂದು ಹೂವು ಅರಳುತ್ತದೆ, ಅಲ್ಲಿಗೆ ಮುಗಿಯಿತು.

ಎಲ್ಲರೂ ನಗುವ ಮುಖವನ್ನೇ ಒತ್ತುತ್ತಿದ್ದರು.

ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಶೆಡ್ಡು ಒಂದೇ ಕೋಣೆ. ಸೊಸೆ ಒತ್ತುವಾಗ ಅತ್ತೆ ನೋಡುತ್ತಿರುತ್ತಾಳೆ, ಅತ್ತೆ ಒತ್ತುವಾಗ ಪಕ್ಕದ ಶೆಡ್ಡಿನವಳು ಬಾಗಿಲಿನಿಂದ ಇಣುಕುತ್ತಿರುತ್ತಾಳೆ. ಅದೂ ಅಲ್ಲದೆ, ಕೈಯಲ್ಲಿ ಏನಾದರೂ ಹಿಡಿದು ಪ್ರಶ್ನೆ ಕೇಳಲು ಬಂದವರಿಗೆ ಎಲ್ಲ ಚೆನ್ನಾಗಿದೆ ಎಂದುಬಿಡುವುದೇ ಕ್ಷೇಮ ಎಂದು ಅವರು ಊರೂರು ಅಲೆದು ಕಲಿತಿದ್ದರು. ಹೀಗಾಗಿ ನಮ್ಮ ಸಂಸ್ಥೆ ಕೆಲಸ ಮಾಡುವ ಊರುಗಳಲ್ಲೆಲ್ಲ ಮಾಲೂರಿನ ಶೆಡ್ಡುಗಳೇ ಅತ್ಯಂತ ಸಂತೋಷದ ಜಾಗ ಎಂದು ದಾಖಲಾಯಿತು. ಕೋಲಾರದ ಆಫೀಸಿನ ಗೋಡೆಯ ಮೇಲೆ ಅಂಟಿಸಿದ್ದ ಗ್ರಾಫಿನಲ್ಲಿ ನಮ್ಮ ಗೆರೆ ಸೂರಿಗೆ ಮುಟ್ಟುವಂತಿತ್ತು. ಮ್ಯಾನೇಜರು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಒಮ್ಮೆ ಬಸ್ಸಿಗೆ ಕಾಯುತ್ತಾ ನಾನೇ ಪ್ರಶ್ನೆಗಳಿಗೆ ಉತ್ತರ ಒತ್ತಿ ನೋಡಿದೆ. ನನ್ನದು ಅವರೆಲ್ಲರಿಗಿಂತ ಕೆಳಗಿತ್ತು.

ಕೊನೆಯ ಶೆಡ್ಡಿನಲ್ಲಿ ಒಬ್ಬ ತಾತ ಇದ್ದರು. ಮಗ, ಸೊಸೆಯ ಜೊತೆ. ಮಗ ಬೆಳಿಗ್ಗೆಯೇ ಗಾಡಿ ತಳ್ಳಿಕೊಂಡು ಹೋದರೆ ಸಂಜೆಗೇ ಬರುವುದು. ತಾತ ಇಡೀ ದಿನ ತಗಡಿನ ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಕೂತಿರುತ್ತಿದ್ದರು. ಟ್ಯಾಬ್ಲೆಟ್ ಕಂಡರೆ ಸಾಕು, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸೊಸೆ ಗುಜರಿ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಒಂದಿಷ್ಟು ಕನ್ನಡ ಕಲಿತಿದ್ದಳು.

"ಮಾವಂಗೆ ಫೋನ್ ಅಂದ್ರೆ ಭಯ ಅಕ್ಕ," ಎಂದಳು. "ಊರಿಂದು ಸುದ್ದಿ ಎಲ್ಲಾ ಫೋನಲ್ಲೇ ಬಂತು. ಅತ್ತೆ ಹೋಗಿದ್ದು, ಮೈದುನ ಹೋಗಿದ್ದು. ಫೋನ್ ಬಂದ್ರೆ ಯಾರೋ ಹೋದ್ರು ಅಂತ."

ಹೀಗಿರುವ ಮನುಷ್ಯನ ಮುಂದೆ ವಾರವಾರವೂ ಮೊಣಕೈ ಉದ್ದದ ಫೋನು ಹಿಡಿದು ಕೂರುವುದು ನನ್ನ ಕೆಲಸವಾಗಿತ್ತು. ಅವರ ಬದಲಿಗೆ ಸೊಸೆಯೇ ನಗುವ ಮುಖ ಒತ್ತಿ ಹೂವು ಅರಳಿಸುತ್ತಿದ್ದಳು.

ಒಂದು ಶನಿವಾರ ಅವಳು ಒತ್ತಲಿಲ್ಲ. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ "ರಾತ್ರಿ ಎಲ್ಲಾ ಎದ್ದು ಕೂತಿರ್ತಾರೆ ಅಕ್ಕ, ಏನ್ ಮಾಡೋದು?" ಎಂದು ಅಳುವ ಮುಖ ಒತ್ತಿಬಿಟ್ಟಳು. ಮಾಲೂರಿನಲ್ಲಿ ಅದೇ ಮೊದಲನೆಯ ಅಳುವ ಮುಖ. ಸ್ವಲ್ಪ ಹೊತ್ತಿನಲ್ಲೇ ಸಲಹೆಗಾರರು ಪರದೆಯ ಮೇಲೆ ಬಂದರು. ತೆಳ್ಳಗಿನ ಮನುಷ್ಯ, ಮೆದುವಾದ ದನಿ. ತಾತನಿಗೆ ಸಲಾಂ ಹೇಳಿ ಏನೇನೋ ಕೇಳಿದರು. ತಾತ ಗೋಡೆಯಿಂದ ತಿರುಗಲಿಲ್ಲ. ತಾತನ ಮುಖ ಅವರಿಗೆ ಕಾಣಲಿ ಎಂದು ಸೊಸೆ ಹಾಸಿಗೆಯನ್ನು ಪಕ್ಕಕ್ಕೆ ಸರಿಸಿದಳು. ಅದರಡಿಯಲ್ಲಿ ಸುತ್ತಿಟ್ಟ ಒಂದು ಹಗ್ಗ ಕಾಣಿಸಿತು.

ಸಲಹೆಗಾರರು ಅದೇನೆಂದು ಕೇಳಿದರು. ರಾತ್ರಿ ಅದನ್ನು ಹಿಡಿದುಕೊಂಡೇ ಮಲಗುತ್ತಾರೆ ಎಂದಳು ಸೊಸೆ.

ಇಂಥದ್ದು ಕಂಡರೆ ಅವರು ಆ್ಯಪಿನಲ್ಲಿ ಬರೆಯಲೇಬೇಕು. ಬರೆದರು. ಬರೆದ ಕೂಡಲೇ ತಾತನ ಹೆಸರು ಕೆಂಪಾಯಿತು. ಕೆಂಪಾದರೆ ಅದು ಮ್ಯಾನೇಜರ ಫೋನಿಗೆ ಹೋಗಿ ಬಡಿದುಕೊಳ್ಳುತ್ತದೆ. ಮಧ್ಯಾಹ್ನಕ್ಕೆ ಮ್ಯಾನೇಜರೇ ಆಫೀಸಿನ ಕಾರಿನಲ್ಲಿ ಬಂದರು. ಒರಟಾಗಿ ಏನೂ ನಡೆದುಕೊಳ್ಳಲಿಲ್ಲ. ಕೈಮುಗಿದು, ಕೂತು, ಹಗ್ಗ ಕೊಡಿ ಎಂದು ಕೈಯೊಡ್ಡಿದರು. ತಾತ ತಡೆಯಲಿಲ್ಲ. ಅಷ್ಟರಲ್ಲಿ ಹಗ್ಗವನ್ನು ಕೈಗೆತ್ತಿಕೊಂಡಿದ್ದ ಅವರು ಮುಷ್ಟಿಯನ್ನು ಸುಮ್ಮನೆ ಬಿಚ್ಚಿದರು.

ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಮನಸ್ಸು ಮುರಿದವರ ಹಾಸಿಗೆಯಲ್ಲಿ ಹಗ್ಗ ಕಂಡರೆ ಯಾರಾದರೂ ಎತ್ತಿಡಬೇಕಾದ್ದೇ. ಆದರೆ ಅದು ಯಾತರ ಹಗ್ಗ ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಆ್ಯಪಿನಲ್ಲಿ ಇರಲಿಲ್ಲ.

ಅವತ್ತಿನಿಂದ ತಾತ ಊಟ ಬಿಟ್ಟರು.

ಮುಂದಿನ ಶನಿವಾರ ಹೋದಾಗ ಸೊಸೆ ಬಾಗಿಲಲ್ಲೇ ಕಾಯುತ್ತಿದ್ದಳು. ಚಹಾ ಕೊಟ್ಟರೆ ಎರಡು ಗುಟುಕು, ಅಷ್ಟೇ. ಅನ್ನದ ತಟ್ಟೆ ಮುಂದಿಟ್ಟರೆ ಮುಟ್ಟಿ, ಕೈ ತೊಳೆದುಕೊಳ್ಳುತ್ತಾರೆ. ಸರ್ಕಾರಿ ಆಸ್ಪತ್ರೆಗೆ ಮಗ ಹೊತ್ತುಕೊಂಡೇ ಹೋಗಿದ್ದ. ಗ್ಲೂಕೋಸ್ ಹಾಕಿ ಕಳಿಸಿದ್ದರು. "ದೇಹಕ್ಕೆ ಕಾಯಿಲೆ ಏನೂ ಇಲ್ಲ ಅಂದ್ರು ಅಕ್ಕ. ಊಟ ಮಾಡಿಸಿ ಅಂದ್ರು. ಹಿಂಗೇ ಇದ್ರೆ ಉಳಿಯಲ್ಲ ಅಂದ್ರು," ಎಂದಳು. ಸಲಹೆಗಾರರು ದಿನಾಲೂ ಅವಳ ಫೋನಿಗೇ ಕರೆ ಮಾಡಿ ಮಾತಾಡಿಸಲು ನೋಡುತ್ತಿದ್ದರು. ತಾತ ಕಣ್ಣು ಮುಚ್ಚಿಕೊಂಡು ಬಿಡುತ್ತಿದ್ದರು. ಅವರ ಕೆನ್ನೆ ಒಳಕ್ಕೆ ಹೋಗಿದ್ದನ್ನು ನಾನೇ ನೋಡಿದೆ. ಆ ವಾರ ಯಾರಿಗೂ ಪ್ರಶ್ನೆ ಕೇಳುವ ಮನಸ್ಸಾಗದೆ ವಾಪಸು ಬಂದೆ. ನನಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸಿಕ್ಕಿದ್ದು ಬಸ್ ಕಂಡಕ್ಟರು.

ಕೋಲಾರಕ್ಕೆ ಬಂದವಳೇ ಆಫೀಸಿನಲ್ಲಿ ಟ್ಯಾಬ್ಲೆಟ್ಟಿನ ಚಾರ್ಜರ್ ಹುಡುಕಲು ಬೀರು ತೆಗೆದೆ. ಮೇಲಿನ ಅರೆಯಲ್ಲಿ, ಹಳೆಯ ಬ್ಯಾನರುಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಆ ಹಗ್ಗ ಇತ್ತು. ಯಾಕೋ ಕವರು ಬಿಚ್ಚಿದೆ. ಬಿಚ್ಚಿದ ತಕ್ಷಣ ನಮ್ಮಪ್ಪ ಬಂದು ಪಕ್ಕದಲ್ಲಿ ನಿಂತಂತಾಯಿತು. ಕೊಟ್ಟಿಗೆಯ ವಾಸನೆ. ಗಂಜಲ, ಹುಲ್ಲು, ದನದ ಬೆವರು.

ನಮ್ಮಪ್ಪ ಆವನಿಯ ಹತ್ತಿರದ ಒಂದು ಹಳ್ಳಿಯವನು, ದನದ ದಲ್ಲಾಳಿ. ಸಂತೆಯಿಂದ ಸಂತೆಗೆ ಸುತ್ತುವುದೇ ಅವನ ಬದುಕು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಟವೆಲ್ ಮುಚ್ಚುತ್ತಾರೆ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ತಿಳಿಯುವುದಿಲ್ಲ. ಬೆರಳಿನ ಆ ಲೆಕ್ಕ ನನಗೂ ಗೊತ್ತು. ಮನೆಯಲ್ಲಿ ಅಪ್ಪನೂ ನಾನೂ ಟವೆಲ್ಲಿನ ಕೆಳಗೇ ಚೌಕಾಸಿ ಮಾಡುತ್ತಿದ್ದೆವು. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿನಲ್ಲಿ ಎಷ್ಟು ದಿನ ಇರಬಹುದು ಎಂಬುದು ಅಲ್ಲೇ ತೀರ್ಮಾನವಾಗುತ್ತಿತ್ತು. ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ಅಮ್ಮ ತೆಲುಗಿನಲ್ಲಿ ಬಯ್ಯುತ್ತಿದ್ದಳು. ಸಿಟ್ಟು ಬಂದರೆ ಅವಳಿಗೆ ಕನ್ನಡ ಸಾಲುತ್ತಿರಲಿಲ್ಲ.

ಆ ಹಗ್ಗ ಎತ್ತಿನ ಕೊರಳಿಗೆ ಕಟ್ಟುವಂಥದು. ನಮ್ಮ ಕಡೆ ಕಣ್ಣಿ ಅನ್ನುತ್ತಾರೆ. ಕೊರಳಿಗೆ ಉಜ್ಜಿ ಉಜ್ಜಿ ಒಂದು ಭಾಗ ನುಣ್ಣಗಾಗಿತ್ತು. ಹುರಿಯ ನಡುವೆ ಕೆಂಪು ಕೂದಲು ಸಿಕ್ಕಿಕೊಂಡಿತ್ತು.

ಅಲ್ಲಿಂದಲೇ ಸಲಹೆಗಾರರಿಗೆ ಫೋನು ಮಾಡಿದೆ. ಅವರಿಗೂ ನನಗೂ ಮಾತು ಉರ್ದುವಿನಲ್ಲಿ. ಅದು ಎತ್ತಿಗೆ ಕಟ್ಟುವ ಹಗ್ಗ ಎಂದೆ.

"ಸಾಯಬೇಕು ಅನ್ನಿಸುತ್ತಾ ಅಂತ ಅವರನ್ನು ಎಷ್ಟೋ ಸಲ ಕೇಳಿದೆ," ಎಂದರು. "ಮನೆಯಲ್ಲಿ ದನ ಇತ್ತಾ ಅಂತ ಕೇಳಲಿಲ್ಲ. ಹಗ್ಗ ಅವರಿಗೆ ವಾಪಸು ಹೋಗಲಿ. ಆದರೆ ಹಾಸಿಗೆಯಲ್ಲಿ ಬೇಡ. ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಲಿ. ನೀವು ಕೊಡುವಾಗ ನಾನೂ ವಿಡಿಯೋದಲ್ಲಿ ಇರುತ್ತೇನೆ."

ಮ್ಯಾನೇಜರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ.

"ಮೇಡಂ, ಕೆಂಪು ಬಂದಿರೋ ಕೇಸು. ಹಗ್ಗ ವಾಪಸ್ ಕೊಟ್ರಿ ಅಂತ ನಾಳೆ ಮೇಲಿನವರು ಕೇಳಿದ್ರೆ ಏನ್ ಹೇಳ್ಲಿ?"

"ಮುದುಕರು ಹೋಗ್ಬಿಟ್ಟ್ರೆ ಏನ್ ಹೇಳ್ತೀರಾ ಸಾರ್?"

"ಜವಾಬ್ದಾರಿ ನಿಮ್ದೇ ನೋಡಿ."

"ನಂದೇ. ಬೀಗ ತೆಗೀರಿ."

ಬೀರುವಿಗೆ ಬೀಗವೇ ಇರಲಿಲ್ಲ. ಸಿಟ್ಟಿನಲ್ಲಿ ನನಗೆ ಮರೆತುಹೋಗಿತ್ತು.

ಮುಂದಿನ ಶನಿವಾರದವರೆಗೆ ಕಾಯದೆ ಮರುದಿನವೇ ಹೋಗೋಣವೆಂದುಕೊಂಡಿದ್ದೆ. ಗಡಿಯಾರ ನೋಡಿದರೆ ಇನ್ನೂ ಮಧ್ಯಾಹ್ನ, ಅವತ್ತೇ ಹೋಗಿಬರಬಹುದಿತ್ತು. ವಾಪಸು ಮಾಲೂರಿನ ಬಸ್ಸು ಹತ್ತಿದೆ. ಅದೇ ಕಂಡಕ್ಟರು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದ.

ಶೆಡ್ಡಿನಲ್ಲಿ ಸೊಸೆ ಒಬ್ಬಳೇ ತಾತನ ಪಕ್ಕ ಕೂತಿದ್ದಳು. ಟ್ಯಾಬ್ಲೆಟ್ಟನ್ನು ಟವೆಲ್ಲಿನಿಂದ ಬಿಚ್ಚಿ ನೀರಿನ ಕ್ಯಾನಿಗೆ ಒರಗಿಸಿಟ್ಟು ಸಲಹೆಗಾರರನ್ನು ಕರೆದೆ. ಆಮೇಲೆ ಪ್ಲಾಸ್ಟಿಕ್ ಕವರಿನಿಂದ ಹಗ್ಗ ತೆಗೆದು ತಾತನ ಮಡಿಲಲ್ಲಿಟ್ಟೆ.

ತಾತ ಕಣ್ಣು ತೆರೆದರು. ಹಗ್ಗವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಬೆರಳಿನಿಂದ ಗಂಟುಗಳನ್ನು ಮುಟ್ಟಿ ನೋಡಿದರು. ಇಷ್ಟು ದಿನ ಅದನ್ನು ಯಾರಾದರೂ ಸರಿಯಾಗಿ ನೋಡಿಕೊಂಡಿದ್ದಾರಾ ಎಂದು ಪರೀಕ್ಷೆ ಮಾಡುವ ಹಾಗಿತ್ತು. ಪರದೆಯ ಮೇಲಿನಿಂದ ಸಲಹೆಗಾರರು ಅದು ಯಾವ ಪ್ರಾಣಿಯದು ಎಂದು ಮೆಲ್ಲಗೆ ಕೇಳಿದರು. ಮತ್ತೆ ಕೇಳಿದರು. ತಾತ ಮತ್ತೆ ಗೋಡೆಯ ಕಡೆ ತಿರುಗತೊಡಗಿದರು.

ಆಗ ನನಗೆ ನಮ್ಮಪ್ಪನ ಒಂದು ಉಪಾಯ ನೆನಪಾಯಿತು. ದನದ ಒಡೆಯ ಬಾಯಿ ಬಿಡದಿದ್ದರೆ ಅಪ್ಪ ದನದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ, ನೇರವಾಗಿ ಬೆಲೆ ಕೇಳುತ್ತಿದ್ದ. "ಬೆಲೆ ಕಮ್ಮಿ ಕೇಳು ಕಣೇ, ಆಗ ನೋಡು, ಅದು ಹುಟ್ಟಿದ್ ದಿನದಿಂದ ಹೇಳ್ತಾನೆ," ಅನ್ನುತ್ತಿದ್ದ. ನೆಲದ ಮೇಲಿದ್ದ ಟವೆಲ್ ಎತ್ತಿ ನನ್ನ ಬಲಗೈ ಮೇಲೆ ಹಾಕಿಕೊಂಡೆ. ಕೈಯನ್ನು ತಾತನ ಮುಂದೆ ಚಾಚಿದೆ.

"ಜೊತೆ ಮಾರ್ತಾರಾ ಅಂತ ಕೇಳಿ," ಎಂದೆ ಪರದೆಯ ಕಡೆ.

"ಏನು?"

"ಎತ್ತು. ಕೊಡ್ತಾರಾ ಅಂತ ಕೇಳಿ."

"ಇದು ಯಾವುದಾದರೂ ವಿಧಾನವಾ?"

"ಹೌದು, ನಮ್ಮ ಕಡೆಯ ವಿಧಾನ."

ಅವರು ಕೇಳಿದರೋ ಇಲ್ಲವೋ, ಅದರ ಅಗತ್ಯ ಬೀಳಲಿಲ್ಲ. ತಾತ ಟವೆಲ್ ನೋಡುತ್ತಿದ್ದರು. ನನ್ನ ಮುಖ ನೋಡಿದರು. ಮತ್ತೆ ಟವೆಲ್ ನೋಡಿದರು. ಅವರ ತುಟಿಯ ಒಂದು ಕೊನೆ ಅಲುಗಿತು. ಬೇರೆ ದೇಶದಲ್ಲಿ, ನನಗೆ ಹೆಸರೂ ಗೊತ್ತಿಲ್ಲದ ಸಂತೆಯಲ್ಲಿ, ಅವರೂ ಇದನ್ನೇ ಮಾಡಿದವರು ಎಂದು ನನಗೆ ಆಗ ಗೊತ್ತಾಯಿತು. ಸರಿಯಾಗಿ ಕೂತುಕೊಂಡರು. ಪರಹೆಂಗಸಿನ ಕೈ ಮುಟ್ಟಬಾರದೆಂದೋ ಏನೋ, ಟವೆಲ್ಲಿನ ಒಂದು ಮಡಿಕೆಯನ್ನು ನಮ್ಮಿಬ್ಬರ ಕೈಗಳ ನಡುವೆ ಬರುವಂತೆ ಸರಿಮಾಡಿ, ಅದರ ಮೇಲಿನಿಂದ ನನ್ನ ಬೆರಳು ಹಿಡಿದರು. ನಮ್ಮಪ್ಪನ ಗಿರಾಕಿಗಳಿಗೆ ಇಷ್ಟು ಮರ್ಯಾದೆ ಇರಲಿಲ್ಲ.

ಅವರು ಹೇಳಿದ ಬೆಲೆ ನನಗೆ ವಿಪರೀತ ಎನಿಸಿತು. ನಮ್ಮಲ್ಲಿ ಬೆರಳು ಬೆರಳಾಗಿ ಹಿಡಿಯುತ್ತಾರೆ. ಅವರು ಗೆಣ್ಣು ಗೆಣ್ಣಾಗಿ ಒತ್ತುತ್ತಿದ್ದರು. ಒಂದು ಗೆಣ್ಣಿಗೆ ಎಷ್ಟು ಎಂದು ನನಗೇನು ಗೊತ್ತು? ಆದರೂ ಬೆಲೆ ಕೇಳಿ ಸುಮ್ಮನಿರುವುದು ನಮ್ಮ ಮನೆತನದಲ್ಲೇ ಇಲ್ಲ. ಕೈ ಕೊಡವಿ, ಅದರ ಅರ್ಧಕ್ಕೆ ಕೇಳಿದೆ.

ತಾತನಿಗೆ ಸಿಟ್ಟು ಬಂತು. ಕೈ ಎಳೆದುಕೊಂಡರು. ನನ್ನನ್ನು ನೋಡಿ, ಪರದೆಯ ಕಡೆ ತಿರುಗಿ, ದೊಡ್ಡ ದನಿಯಲ್ಲಿ ಏನೋ ಹೇಳಿದರು. ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಸೊಸೆ ಬಾಯಿಗೆ ಸೆರಗು ಹಿಡಿದುಕೊಂಡಳು.

"ಏನಾಗ್ತಿದೆ?" ಎಂದರು ಸಲಹೆಗಾರರು ಗಾಬರಿಯಾಗಿ. "ಅವರು ಉದ್ವಿಗ್ನರಾಗಿದ್ದಾರೆ. ನಿಲ್ಲಿಸೋಣವಾ?"

"ನಿಲ್ಲಿಸ್ಬೇಡಿ. ಏನಂದ್ರು?"

"ಈ ಹೆಂಗಸಿಗೆ ದನದ ಬಗ್ಗೆ ಏನೂ ಗೊತ್ತಿಲ್ಲ ಅಂದರು. ಕೆಂದೆತ್ತಿನ ಭುಜ ನೋಡಿದ್ದಾಳಾ ಅಂತ ಕೇಳುತ್ತಿದ್ದಾರೆ."

"ನೋಡಿಲ್ಲ, ಹೇಳಿ ಅನ್ನಿ."

ತಾತ ಹೇಳತೊಡಗಿದರು. ಮೊದಮೊದಲು ಸಲಹೆಗಾರರು ಒಂದೊಂದೇ ಮಾತನ್ನು ನನಗೆ ಉರ್ದುವಿಗೆ ಮಾಡುತ್ತಿದ್ದರು. ಒಂದು ಕೆಂದ, ಇನ್ನೊಂದಕ್ಕೆ ಕೊಂಬಿನ ತುದಿ ಮುರಿದಿದೆ. ಕೆಂದ ತಾನೇ ನೊಗಕ್ಕೆ ತಲೆ ಕೊಡುತ್ತಿತ್ತು. ಆಮೇಲೆ ಅವರು ಅನುವಾದ ಮಾಡುವುದನ್ನೇ ಮರೆತು ಸುಮ್ಮನೆ ಕೇಳುತ್ತಾ ಕೂತರು. ಕನ್ನಡಕ ತೆಗೆದು ಒರೆಸಿಕೊಂಡರು. ತಾತ ಈಗ ಕಣ್ಣು ಮುಚ್ಚಿಕೊಂಡಿರಲಿಲ್ಲ, ಆ ಪರದೆಯನ್ನೇ ನೋಡುತ್ತಾ ಮಾತಾಡುತ್ತಿದ್ದರು. ಅಷ್ಟು ಭಯಪಡುತ್ತಿದ್ದ ಫೋನಿನೊಳಗೆ ತಮ್ಮ ಮಾತು ತಿಳಿಯುವ ಒಬ್ಬರು ಕೂತಿದ್ದಾರೆ ಎಂಬುದು ಅವರಿಗೆ ಆಗಷ್ಟೇ ಮನಸ್ಸಿಗೆ ಬಂದಿರಬೇಕು. ನಾನು ಟವೆಲ್ ಹೊದ್ದ ಕೈಯನ್ನು ಚಾಚಿಕೊಂಡೇ ಕೂತಿದ್ದೆ. ತೋಳು ನೋಯುತ್ತಿತ್ತು.

ಕೊನೆಗೆ ಸಲಹೆಗಾರರು ನನಗೆ ಹೇಳಿದ್ದು ಇಷ್ಟು. ಊರಿಗೆ ಬೆಂಕಿ ಬಿದ್ದ ದಿನ ತಾತ ಎರಡು ಎತ್ತುಗಳನ್ನೂ ಬಿಚ್ಚಿ ಗದ್ದೆಗೆ ಅಟ್ಟಿದರು. ಕೊಂಬು ಮುರಿದದ್ದು ಹೋಯಿತು. ಕೆಂದ ಹೋಗಲಿಲ್ಲ. ನದಿಯವರೆಗೂ ಅವರ ಹಿಂದೆಯೇ ಬಂತು. ದೋಣಿ ಹತ್ತಿದರೆ ನೀರಿಗೂ ಇಳಿಯಿತು. ಅದು ವಾಪಸು ಹೋಗಲಿ ಎಂದು ತಾತ ಕೈಯಲ್ಲಿದ್ದ ಕಣ್ಣಿಯಿಂದ ಅದರ ಹಣೆಗೆ ಹೊಡೆದರು. ಒಂದೇ ಏಟಿಗೆ ಹೋಗಲಿಲ್ಲ. ಮತ್ತೆ ಹೊಡೆದರು. ಅಲ್ಲಿಯವರೆಗೆ ಅದಕ್ಕೆ ಒಂದು ಏಟೂ ಹಾಕಿರಲಿಲ್ಲವಂತೆ.

"ಇದನ್ನ ಇಷ್ಟು ದಿನ ಯಾಕೆ ಯಾರಿಗೂ ಹೇಳಲಿಲ್ಲ ಅಂತ ಕೇಳಿದೆ," ಎಂದರು ಸಲಹೆಗಾರರು. "ಪಕ್ಕದ ಶೆಡ್ಡಿನವಳ ಮಕ್ಕಳು ಹೋಗಿದ್ದಾರೆ, ಅವಳ ಎದುರು ನಾನು ಎತ್ತಿಗೆ ಅಳಲಾ ಅಂದರು."

ನನಗೆ ಅಳು ಬಂತು. ಕೈ ಟವೆಲ್ಲಿನಲ್ಲಿ ಸಿಕ್ಕಿಕೊಂಡಿದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ತಾತ ಹಗ್ಗವನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ತಾವಾಗಿಯೇ ಕೈಯನ್ನು ಮತ್ತೆ ಟವೆಲ್ಲಿನ ಕಡೆ ತಂದರು. ಈ ಸಲ ನಾನು ಕೈ ಕೊಡವಲಿಲ್ಲ. ಅವರು ಒಂದು ಗೆಣ್ಣು ಒತ್ತಿದರು, ನಾನು ಒಂದು ಬೆರಳು ಹಿಡಿದೆ. ಅವರು ಸ್ವಲ್ಪ ಇಳಿದರೆಂದು ಕಾಣುತ್ತದೆ. ನಾನು ಸ್ವಲ್ಪ ಏರಿದೆನೆಂದು ಅಂದುಕೊಂಡೆ. ಕೊನೆಗೆ ಅವರು ನನ್ನ ಅಂಗೈಯನ್ನು ಗಟ್ಟಿಯಾಗಿ ಅದುಮಿ ಬಿಟ್ಟರು. ಎಲ್ಲ ಕಡೆಯೂ ಅದರ ಅರ್ಥ ಒಂದೇ. ಎಷ್ಟಕ್ಕೆ ಕುದುರಿತು ಎಂಬುದು ಅವರ ಲೆಕ್ಕದಲ್ಲಿ ಒಂದು, ನನ್ನ ಲೆಕ್ಕದಲ್ಲಿ ಇನ್ನೊಂದು ಇರಬೇಕು.

"ಮುಗೀತಾ?" ಎಂದರು ಸಲಹೆಗಾರರು.

"ಇಲ್ಲ," ಎಂದೆ. "ನಮ್ಮಪ್ಪ ವ್ಯಾಪಾರ ಕುದುರಿದ ಮೇಲೆ ಮಾರಿದವರನ್ನ ಹಸಿದ ಹೊಟ್ಟೇಲಿ ಯಾವತ್ತೂ ಕಳಿಸ್ತಿರಲಿಲ್ಲ. ಮಾರಿದವರು ಉಣ್ಣದಿದ್ರೆ ಹೋದ ಮನೇಲಿ ದನ ಮೇವು ಮುಟ್ಟಲ್ಲ ಅನ್ನೋದು ಅವನ ನಂಬಿಕೆ. ಅವರಿಗೆ ಹೇಳಿ. ಅವರು ಉಂಡ್ರೇನೇ ಎತ್ತು ನಂದು."

ಸಲಹೆಗಾರರು ಹೇಳಿದರು. ತಾತ ಯೋಚನೆ ಮಾಡಿದರು. ಅದರಲ್ಲಿ ನ್ಯಾಯ ಇದೆ ಎಂದು ಅವರಿಗೂ ಕಂಡಿರಬೇಕು. ತಾವೂ ಒಂದು ಷರತ್ತು ಹಾಕಿದರು.

"ಕೊಂಡವರೂ ಜೊತೆಯಲ್ಲಿ ಉಣ್ಣಬೇಕು ಅಂತಿದ್ದಾರೆ."

ಶನಿವಾರ ನನ್ನದು ಒಪ್ಪತ್ತು, ಅದೂ ಮುಳಬಾಗಿಲಿನ ಆಂಜನೇಯನ ಹೆಸರಿನಲ್ಲಿ.

ಸೊಸೆ ಅಷ್ಟರಲ್ಲಾಗಲೇ ಎರಡು ತಟ್ಟೆ ತಂದಿಟ್ಟಿದ್ದಳು. ಅನ್ನ, ಒಣಮೀನಿನ ಸಾರು. ಆಂಜನೇಯನಿಗೆ ಮನಸ್ಸಿನಲ್ಲೇ ಒಂದು ಮಾತು ಹೇಳಿ ಕೈ ಹಾಕಿದೆ. ತಾತ ನಾನು ಬಾಯಿಗಿಡುವವರೆಗೂ ಕಾದರು. ಆಮೇಲೆ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡರು. ನುಂಗಲು ಕಷ್ಟಪಟ್ಟರು, ನೀರು ಕುಡಿದರು, ಇನ್ನೊಂದು ತುತ್ತು ಕಲಸಿದರು. ತಟ್ಟೆಯಲ್ಲಿ ಅರ್ಧ ಉಳಿಯಿತು. ಅರ್ಧ ಹೋಯಿತು. ಸೊಸೆ ಶೆಡ್ಡಿನ ಹಿಂದೆ ಹೋಗಿ ಅತ್ತು ಬಂದಳು. ಸಾರು ತುಂಬ ಖಾರವಾಗಿತ್ತು, ಚೆನ್ನಾಗಿತ್ತು.

ಕೈ ತೊಳೆದ ಮೇಲೆ ನಾನು ಏಳಲು ಹೊರಟಾಗ ತಾತ ಹಗ್ಗವನ್ನು ಎದೆಗೆ ಅವುಚಿಕೊಂಡು ನನಗೆ ಏನೋ ಹೇಳಿದರು.

"ಎತ್ತು ನಿಮ್ಮದು, ಹಗ್ಗ ಕೊಡುವುದಿಲ್ಲ ಅಂತಿದ್ದಾರೆ. ಮಾರಿದವರು ಹಗ್ಗ ಕೊಡುವ ಪದ್ಧತಿ ಇಲ್ಲವಂತೆ."

"ನಮ್ಮಲ್ಲೂ ಇಲ್ಲ," ಎಂದೆ. "ಹಗ್ಗ ಅವ್ರದ್ದೇ. ನಾನು ಹೊಸದು ತಗೊಳ್ತೀನಿ ಅನ್ನಿ."

ಹಗ್ಗ ಹಾಸಿಗೆಯಲ್ಲಿ ಬೇಡ, ಬಾಗಿಲ ಪಕ್ಕದ ಮೊಳೆಗೆ ಹಾಕೋಣ ಎಂದು ಸಲಹೆಗಾರರು ಹೇಳಿದಾಗ ತಾತ ತಕರಾರು ಮಾಡಲಿಲ್ಲ. ದನದ ಹಗ್ಗ ಇರಬೇಕಾದದ್ದು ಅಲ್ಲೇ ಅಂದರಂತೆ. ಇನ್ನು ಆ್ಯಪಿನ ಪ್ರಶ್ನೆ ಉಳಿದಿತ್ತು. ಸೊಸೆ ಅಭ್ಯಾಸಬಲದಿಂದ ಟ್ಯಾಬ್ಲೆಟ್ ಎತ್ತಿಕೊಂಡಳು. ತಾತ ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಆ ಐದು ಮುಖಗಳನ್ನು ಒಂದೊಂದಾಗಿ ನೋಡಿ, ಎಡಗಡೆಯ ತುದಿಯ ಅಳುವ ಮುಖವನ್ನು ತಾವೇ ಒತ್ತಿದರು. ಗಟ್ಟಿಯಾಗಿ, ಗೆಣ್ಣು ಒತ್ತಿದ ಹಾಗೆ.

ಮುಂದಿನ ವಾರ ಹೆಂಗಸರು ನನ್ನ ಟವೆಲ್ ಕೇಳತೊಡಗಿದರು. ಸುದ್ದಿ ಹೇಗೆ ಹಬ್ಬಿತೋ. ಟ್ಯಾಬ್ಲೆಟ್ಟಿನ ಮೇಲೆ ಟವೆಲ್ ಮುಚ್ಚಿ, ಅದರೊಳಗೆ ತಲೆ ತೂರಿಸಿ, ಅತ್ತೆಗೂ ಕಾಣದಂತೆ, ಪಕ್ಕದವಳಿಗೂ ಕಾಣದಂತೆ ಒತ್ತುತ್ತಿದ್ದರು. ಹೂವು ಅರಳುವುದು ನಿಂತೇಹೋಯಿತು. ಸಲಹೆಗಾರರಿಗೆ ಈಗ ಶನಿವಾರ ಊಟಕ್ಕೂ ಬಿಡುವಿಲ್ಲ. ಪಕ್ಕದ ಶೆಡ್ಡಿನ ತಾಯಿ ಮೊದಲ ಸಲ ಅವರೊಂದಿಗೆ ತನ್ನ ಮಕ್ಕಳ ಹೆಸರು ಹೇಳಿ ಮಾತಾಡಿದಳು. ಗೋಡೆಯ ಮೇಲೆ ನಮ್ಮ ಗೆರೆ ನೆಲಕ್ಕೆ ಬಂತು.

"ಏನ್ ಮೇಡಂ, ಮಾಲೂರು ಹಿಂಗೆ ಬಿದ್ದೋಗಿದೆ?" ಎಂದರು ಮ್ಯಾನೇಜರು.

"ಸುಧಾರಿಸಿದೆ ಸಾರ್," ಎಂದೆ. ಅವರು ಬಂದವರಿಗೆ ಈಗ ಬೇರೆ ಗೋಡೆ ತೋರಿಸುತ್ತಾರೆ.

ತಾತ ಪೂರ್ತಿ ಸರಿಹೋದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಗೋಡೆಗೆ ಮುಖ ಮಾಡಿಯೇ ಕೂರುತ್ತಾರೆ. ಆದರೆ ಊಟ ಮಾಡುತ್ತಾರೆ. ಶನಿವಾರ ಸಲಹೆಗಾರರ ಕರೆಗೆ ಕಾಯುತ್ತಾರೆ, ತಡವಾದರೆ ಸೊಸೆಯ ಮೇಲೆ ರೇಗುತ್ತಾರೆ. ಕರೆಯ ಕೊನೆಯಲ್ಲಿ ಪ್ರತಿ ವಾರವೂ ನನ್ನ ಎತ್ತುಗಳನ್ನು ವಿಚಾರಿಸುತ್ತಾರೆ. ಮೇವು ತಿನ್ನುತ್ತಿವೆಯೇ, ನೀರು ಕುಡಿಸಿದೆಯಾ, ಕೊಂಬು ಮುರಿದದ್ದು ಹಾಯಲು ಬರುತ್ತದೆಯೇ. ಮೊದಲ ಸಲ ನನಗೆ ಭಯವಾಯಿತು. ಮುದುಕರಿಗೆ ಇಲ್ಲದ್ದನ್ನು ನಂಬಿಸಿಬಿಟ್ಟೆನೇನೋ ಎಂದು ಸಲಹೆಗಾರರನ್ನು ಆಮೇಲೆ ಫೋನಿನಲ್ಲಿ ಕೇಳಿದೆ. "ಅವರಿಗೆ ಎಲ್ಲ ಗೊತ್ತು," ಎಂದರು ಅವರು. "ಒಡೆಯರಿಲ್ಲದ ದನ ಅನ್ನುವುದನ್ನು ಅವರಿಗೆ ತಡೆಯಲಾಗುತ್ತಿರಲಿಲ್ಲ. ಈಗ ಒಡೆಯರಿದ್ದಾರೆ. ನೀವು ಉತ್ತರ ಹೇಳಿ." ಅಂದಿನಿಂದ ಹೇಳುತ್ತಿದ್ದೇನೆ. ಮೇವು ತಿನ್ನುತ್ತಿವೆ. ನೀರು ಕುಡಿಸಿದ್ದೇನೆ. ಹಾಯುವುದಿಲ್ಲ.

ಹೋದ ಶನಿವಾರ ತಾತ ಮೇವು, ನೀರು ಯಾವುದನ್ನೂ ಕೇಳಲಿಲ್ಲ. ನಾನು ಟ್ಯಾಬ್ಲೆಟ್ಟನ್ನು ಟವೆಲ್ಲಿನಲ್ಲಿ ಸುತ್ತಲು ಎತ್ತಿಕೊಂಡಾಗ ಪರದೆಯ ಕಡೆ ನೋಡಿ ಒಂದು ಮಾತು ಕೇಳಿದರು. ಸಲಹೆಗಾರರು ಅದನ್ನು ನನಗೆ ಹೇಳಿದರು.

"ಕೆಂದನ ಹಣೆಯ ಮೇಲೆ, ಏಟು ಬಿದ್ದ ಜಾಗದಲ್ಲಿ, ಕೂದಲು ಬಂತಾ ಅಂತ ಕೇಳುತ್ತಿದ್ದಾರೆ."

ನಾನು ತಾತನ ಮುಖವನ್ನೇ ನೋಡಿ ಹೇಳಿದೆ.

"ಬಂದಿದೆ. ಏಟು ಬಿದ್ದಿತ್ತು ಅಂತ ಈಗ ಗೊತ್ತೇ ಆಗಲ್ಲ."

ಸಲಹೆಗಾರರು ಅದನ್ನು ಅವರ ಭಾಷೆಯಲ್ಲಿ ಹೇಳಿದರು. ತಾತ ತಲೆಯಾಡಿಸಿದರು. ಆಮೇಲೆ ಕೈ ಚಾಚಿ, ಸೊಸೆ ಮುಚ್ಚಿಟ್ಟಿದ್ದ ಅನ್ನದ ತಟ್ಟೆಯನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡರು.